ಮೊದಲು ಏನು ಕೇಳುತ್ತಾರೆ? ಛತ್ರದಿಂದ ಆ್ಯಪ್‌ವರೆಗೆ ನಮ್ಮ ಸೀಮೆಯಲ್ಲಿ ತಂಗಲು ಜಾಗ ಹುಡುಕಿದ ಕತೆ

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಇಳಿದು, ಎದುರಿಗೆ ಸಿಕ್ಕವರನ್ನು ‘ಇಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ?’ ಎಂದು ಕೇಳಿ ನೋಡಿ. ಇಡ್ಲಿ, ದೋಸೆ ಚೆನ್ನಾಗಿರುವ ಜಾಗದ ಕಡೆ ಕೈ ತೋರಿಸುತ್ತಾರೆ. ಮಾಂಸದೂಟ ಬೇಕಿದ್ದರೆ ‘ಮಿಲಿಟರಿ ಹೋಟೆಲ್’ ಅನ್ನಬೇಕು. ರಾತ್ರಿ ಮಲಗಲು ಜಾಗ ಬೇಕಿದ್ದರೆ ‘ಲಾಡ್ಜ್’ ಅನ್ನಬೇಕು, ಇಲ್ಲವೇ ‘ರೂಮು ಸಿಗುತ್ತಾ?’ ಅನ್ನಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಎಲ್ಲಿ ಹೋದರೂ ಇದೇ ಬಳಕೆ. ಆದರೆ ಫೋನಿನಲ್ಲಿ ಪ್ರಯಾಣದ ಆ್ಯಪ್ ತೆರೆದರೆ ರೂಮು ಹುಡುಕುವ ಬಟನ್ ಮೇಲೆ ‘ಹೋಟೆಲ್’ ಎಂದೇ ಇರುತ್ತದೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಪರದೆಯನ್ನು ರೂಪಿಸಿದವರ ಮನಸ್ಸಿನಲ್ಲಿ ಯಾವ ಪ್ರಯಾಣಿಕ ಇದ್ದ ಎಂಬುದನ್ನು ಅದು ಹೇಳುತ್ತದೆ. ಬಟನ್ ಒತ್ತಿದ ಮೇಲೆ ಆ್ಯಪ್ ಮೂರು ಪ್ರಶ್ನೆ ಕೇಳುತ್ತದೆ: ಯಾವ ಊರು, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಜನ. ಇದಕ್ಕಿಂತ ಸಹಜವಾದ ಪ್ರಶ್ನೆ ಬೇರೆ ಯಾವುದಿದೆ ಎನ್ನುತ್ತೀರಾ? ಹಿಂದಿನ ಕಾಲದವರಿಗೂ ತಮ್ಮ ಕಾಲದ ಪ್ರಶ್ನೆ ಅಷ್ಟೇ ಸಹಜವಾಗಿ ಕಂಡಿತ್ತು. ತಂಗುದಾಣಗಳ ಚರಿತ್ರೆಯನ್ನು ಕಟ್ಟಡಗಳ ಚರಿತ್ರೆಯಾಗಿ ಬರೆಯುವುದು ರೂಢಿ. ನನಗೆ ಅದು ಪ್ರಶ್ನೆಗಳ ಚರಿತ್ರೆಯಾಗಿಯೂ ಕಾಣುತ್ತದೆ. ಬಾಗಿಲಿಗೆ ಬಂದವರನ್ನು ಒಂದೊಂದು ಕಾಲವೂ ಒಂದೊಂದು ಪ್ರಶ್ನೆ ಕೇಳಿದೆ. ಸರಿಯಾದ ಉತ್ತರ ಇದ್ದವರಿಗೆ ಚಾಪೆ ಸಿಕ್ಕಿದೆ, ಇಲ್ಲದವರು ಹೊರಗೆ ಉಳಿದಿದ್ದಾರೆ.

ಏಕಚಕ್ರಪುರದ ಅತಿಥಿಗಳು

ನಮ್ಮ ಸೀಮೆಯ ಅತಿ ಪ್ರಸಿದ್ಧ ಅತಿಥಿಗಳು ಯಾರೆಂದರೆ ಕೈವಾರದವರು ಪಾಂಡವರ ಹೆಸರು ಹೇಳುತ್ತಾರೆ. ಚಿಂತಾಮಣಿ ತಾಲ್ಲೂಕಿನ ಈ ಊರೇ ಮಹಾಭಾರತದ ಏಕಚಕ್ರಪುರ ಎಂಬುದು ಸ್ಥಳೀಯ ನಂಬಿಕೆ. ಅರಗಿನ ಮನೆಯಿಂದ ತಪ್ಪಿಸಿಕೊಂಡ ಕುಂತಿ ಮತ್ತು ಐವರು ಮಕ್ಕಳು ಇಲ್ಲಿ ಬಡ ಬ್ರಾಹ್ಮಣನೊಬ್ಬನ ಮನೆಯಲ್ಲಿ ತಂಗಿದರು, ಆ ಮನೆಯ ಋಣ ತೀರಿಸಲು ಭೀಮ ಬಕಾಸುರನನ್ನು ಕೊಂದ ಎಂದು ಕತೆ. ಊರಿನಲ್ಲಿ ಭೀಮಲಿಂಗೇಶ್ವರನ ಗುಡಿಯೂ ಇದೆ. ಕತೆಯಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಪಾಂಡವರಿಗೆ ಆ ಮನೆಯಲ್ಲಿ ಜಾಗ ಸಿಕ್ಕಿದ್ದು ಅವರು ಬ್ರಾಹ್ಮಣರ ವೇಷದಲ್ಲಿ ಇದ್ದದ್ದರಿಂದ. ನಿಜವಾದ ಗುರುತು ಮುಚ್ಚಿಟ್ಟು, ಕೇಳುವ ಪ್ರಶ್ನೆಗೆ ಒಪ್ಪುವ ಉತ್ತರ ಕೊಟ್ಟು ಅವರು ಒಳಗೆ ಬಂದರು.

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ, ಬಾವಿ, ದೇವಾಲಯಗಳ ಜೊತೆಗೆ ಸತ್ರ ಮತ್ತು ಅರವಟ್ಟಿಗೆಗಳಿಗೆ ದಾನ ಕೊಟ್ಟ ಉಲ್ಲೇಖಗಳು ಬರುತ್ತವೆ. ದಾರಿಯ ಬದಿಯಲ್ಲಿ ನೀರು, ಒಂದು ಹೊತ್ತಿನ ಊಟ, ರಾತ್ರಿಗೆ ಒಂದು ಸೂರು. ಕಾಸು ಕೇಳುತ್ತಿರಲಿಲ್ಲ. ಹುಡುಕುವುದೂ ಕಷ್ಟವಿರಲಿಲ್ಲ. ದೂರದಿಂದ ಗೋಪುರ ಕಾಣುತ್ತಿತ್ತು, ಅಶ್ವತ್ಥಕಟ್ಟೆ ಕಾಣುತ್ತಿತ್ತು, ಕೆರೆಯ ಏರಿ ಕಾಣುತ್ತಿತ್ತು. ಗುಡಿ ಇದ್ದಲ್ಲಿ ಮಂಟಪ, ಮಂಟಪ ಇದ್ದಲ್ಲಿ ಮಲಗಲು ಕಲ್ಲಿನ ಹಾಸು. ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ ಹೋದವರಿಗೆ ಆ ಕಂಬಗಳ ಸಾಲು, ಕಲ್ಯಾಣಿಯ ಸುತ್ತಲಿನ ಕೈಸಾಲೆ ನೆನಪಿರುತ್ತದೆ. ಬಿಸಿಲು ಮಳೆಯಿಂದ ಕಾಯುವ ಅಂಥ ಜಾಗವೇ ನಡೆದು ಬಂದ ಯಾತ್ರಿಕನ ರೂಮು.

ಈ ಚಿತ್ರ ಎಷ್ಟು ಚೆಂದವೋ ಅಷ್ಟೇ ಅಪೂರ್ಣ. ಛತ್ರದ ಮೊದಲ ಪ್ರಶ್ನೆ ‘ನೀವು ಯಾವ ಜನ?’ ಎಂಬುದಾಗಿತ್ತು. ಅಡುಗೆ ಯಾರದ್ದು, ಪಂಕ್ತಿ ಯಾರದ್ದು, ಬಾವಿಯಿಂದ ನೀರು ಸೇದುವವರು ಯಾರು ಎಂಬುದೆಲ್ಲ ಆ ಒಂದು ಉತ್ತರದ ಮೇಲೆ ನಿಂತಿತ್ತು. ದಾನ ಕೊಟ್ಟ ಕುಲದವರಿಗೆ ಕೋಣೆ, ಮತ್ತೊಬ್ಬರಿಗೆ ಜಗುಲಿ, ಇನ್ನೊಬ್ಬರಿಗೆ ಅದೂ ಇಲ್ಲ. ಇವತ್ತು ನಮ್ಮ ಕಡೆ ‘ಛತ್ರ’ ಎಂದರೆ ಮದುವೆ ನಡೆಯುವ ಜಾಗ. ಅವುಗಳ ಬೋರ್ಡು ಓದಿದರೆ ಹಲವು ಕಡೆ ಸಮುದಾಯದ ಹೆಸರು ಈಗಲೂ ಕಾಣುತ್ತದೆ.

ಈ ಪ್ರಶ್ನೆ ಎಷ್ಟು ಕ್ರೂರವಾಗಬಹುದು ಎಂಬುದಕ್ಕೆ ಅಂಬೇಡ್ಕರ್ ಅವರ ಅನುಭವಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ವಿದೇಶದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ನೌಕರಿಗೆ ಸೇರಿದ ಅವರಿಗೆ ಆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ತಂಗುದಾಣವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇರಬೇಕಾಯಿತು. ಗುಟ್ಟು ಹೊರಬಿದ್ದಾಗ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಏಕಚಕ್ರಪುರದಲ್ಲಿ ವೇಷ ಪಾಂಡವರನ್ನು ಕಾಪಾಡಿತ್ತು. ಬರೋಡದಲ್ಲಿ ಅದು ಅಂಬೇಡ್ಕರರನ್ನು ಕೆಲವು ದಿನವಷ್ಟೇ ಕಾಪಾಡಿತು.

ಬಂಗಲೆಯ ಮೇಟಿ ಕೇಳಿದ್ದು

1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೇಸಿಗೆ ಕಳೆಯಲು ನಂದಿ ಬೆಟ್ಟದ ಮೇಲೆ ಮನೆ ಕಟ್ಟಿಸಿಕೊಂಡ. ಟಿಪ್ಪುವಿನ ಕೋಟೆಯಾಗಿದ್ದು 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆಗೆ ಬಿದ್ದ ಬೆಟ್ಟ ಹೀಗೆ ಅಧಿಕಾರಿಗಳ ತಂಪು ನೆಲೆಯಾಯಿತು. ಅದೇ ಕಾಲದಲ್ಲಿ ದೇಶದ ದಾರಿಗಳ ಉದ್ದಕ್ಕೂ ಡಾಕ್ ಬಂಗಲೆಗಳು, ಪ್ರವಾಸಿ ಬಂಗಲೆಗಳು ಎದ್ದವು. ನಮ್ಮ ಹಿರಿಯರ ಬಾಯಲ್ಲಿ ಅದು ‘ಟಿ.ಬಿ.’ ಆಯಿತು. ಅದನ್ನು ನೋಡಿಕೊಳ್ಳುವವನು ‘ಮೇಟಿ’.

ಈ ಬಂಗಲೆಗಳನ್ನು ಹುಡುಕುವ ಬಗೆ ಹೊಸದು. ಗೋಪುರ ನೋಡಿ ಬರುವವರಿಗೆ ಇವನ್ನು ಕಟ್ಟಿರಲಿಲ್ಲ. ಇವುಗಳ ವಿವರ ಅಚ್ಚಾದ ಪುಸ್ತಕದಲ್ಲಿ ಸಿಗುತ್ತಿತ್ತು. ಲಂಡನ್ನಿನ ಜಾನ್ ಮರ‍್ರೆ ಪ್ರಕಾಶನ 1859ರಲ್ಲಿ ಭಾರತದ ಪ್ರಯಾಣಿಕರಿಗೆ ಕೈಪಿಡಿ ಹೊರತಂದಿತು. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಮೈಲಿ, ನಡುವೆ ಬಂಗಲೆ ಎಲ್ಲಿ ಎಂಬ ವಿವರಗಳು ಅದರಲ್ಲಿದ್ದವು. ಒಂದು ಊರು ಪುಸ್ತಕದಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ದೂರದಿಂದ ಬರುವವನ ಪಾಲಿಗೆ ಅದು ಇರಲೇ ಇಲ್ಲ. ಇವತ್ತಿನ ಆ್ಯಪ್‌ನ ಪಟ್ಟಿಯ ಅಜ್ಜ ಎಂದರೆ ಈ ಪುಸ್ತಕವೇ.

ಇನ್ನೂ ಎರಡು ವಿಷಯ ಡಾಕ್ ಬಂಗಲೆಗಳಲ್ಲಿ ಮೊದಲೇ ಇದ್ದವು. ಒಬ್ಬ ಪ್ರಯಾಣಿಕ 24 ಗಂಟೆ ಉಳಿದ ಮೇಲೆ ಹೊಸದಾಗಿ ಬಂದವನಿಗೆ ಜಾಗ ಬಿಡಬೇಕು ಎಂಬ ನಿಯಮ ಒಂದು. ಹೊರಡುವ ಮೊದಲು ಊಟ, ನೀರು, ಸೇವೆ ಹೇಗಿತ್ತು ಎಂದು ಬರೆಯುವ ಪುಸ್ತಕ ಇನ್ನೊಂದು. ನಾವು ಈಗ ‘ರಿವ್ಯೂ’ ಎನ್ನುವುದು ಅಲ್ಲಿಯೇ ಇತ್ತು. ವ್ಯತ್ಯಾಸ ಇಷ್ಟೇ: ಅದನ್ನು ಓದುತ್ತಿದ್ದವರು ಮೇಲಧಿಕಾರಿಗಳು, ಬೈಗುಳ ತಿನ್ನುತ್ತಿದ್ದವರು ಮೇಟಿ ಮತ್ತು ಅಡುಗೆಯವನು. ಇವತ್ತು ಸಣ್ಣ ಲಾಡ್ಜಿನ ರೂಂಬಾಯ್ ಕೂಡ ಒಂದು ಸ್ಟಾರಿಗೆ ಅದೇ ರೀತಿ ಹೆದರುತ್ತಾನೆ.

ಬಂಗಲೆಯ ಮೊದಲ ಪ್ರಶ್ನೆ ‘ಯಾವ ಇಲಾಖೆ? ಯಾರ ಚೀಟಿ?’ ಜಾತಿಯ ಜಾಗಕ್ಕೆ ಹುದ್ದೆ ಬಂತು. 1927ರಲ್ಲಿ ಅನಾರೋಗ್ಯದಿಂದ ಬಳಲಿದ್ದ ಗಾಂಧೀಜಿ ನಂದಿ ಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು, 1936ರಲ್ಲಿ ಮತ್ತೊಮ್ಮೆ ಬಂದರು. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ದೇಶಗಳ ನಾಯಕರು ಇದೇ ಬೆಟ್ಟಕ್ಕೆ ಬಂದರು. ಸಾಮಾನ್ಯನಿಗೆ ಅಲ್ಲಿ ರಾತ್ರಿ ಉಳಿಯಬೇಕಿದ್ದರೆ ಪರಿಚಯದ ಅಧಿಕಾರಿ ಬೇಕು ಎಂಬ ಭಾವನೆ ನಮ್ಮ ಜನರಲ್ಲಿ ಬಹಳ ಕಾಲ ಇತ್ತು. ತಾಲ್ಲೂಕು ಕೇಂದ್ರದ ಐ.ಬಿ.ಯ ಗೇಟು ದಾಟಲು ಇವತ್ತಿಗೂ ಅನೇಕರು ಹಿಂಜರಿಯುತ್ತಾರೆ.

ರೈಲು, ಬಸ್ಸು, ಲಾಡ್ಜು

1890ರ ದಶಕದಲ್ಲಿ ಬೆಂಗಳೂರು–ಹಿಂದೂಪುರ ಮಾರ್ಗದ ರೈಲು ಗೌರಿಬಿದನೂರಿಗೆ ಬಂತು. 1910ರ ದಶಕದಲ್ಲಿ ನ್ಯಾರೋಗೇಜ್ ಹಳಿಗಳು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದು ಕಡೆ ಬೆಂಗಳೂರಿಗೂ ಇನ್ನೊಂದು ಕಡೆ ಕೋಲಾರಕ್ಕೂ ಜೋಡಿಸಿದವು. ರೈಲು ಎಲ್ಲರನ್ನೂ ಹತ್ತಿಸಿಕೊಂಡಿತು. ಆಲೂಗಡ್ಡೆ ಮೂಟೆಯವರು, ಕೋರ್ಟಿಗೆ ಹೋಗುವವರು, ಬೆಂಗಳೂರಿನಲ್ಲಿ ಓದುವ ಹುಡುಗರು ಒಂದೇ ಬಂಡಿಯಲ್ಲಿ ಕೂತರು. ಆದರೆ ಇಳಿದ ಮೇಲೆ ಮಲಗುವುದೆಲ್ಲಿ? ಬೆಂಗಳೂರಿನಲ್ಲಿ ಸಿಟಿ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ಆ ಕಾಲದ ದೊಡ್ಡ ಉತ್ತರ. ಜಾಗ ಆರಿಸಿದ್ದರಲ್ಲೇ ಅದರ ಜಾಣ್ಮೆ ಇತ್ತು. ರೈಲಿನಿಂದ ಇಳಿದವನು ವಿಳಾಸ ಕೇಳದೆ ಅದನ್ನು ಕಾಣಬಹುದಿತ್ತು.

ನಮ್ಮ ಪೇಟೆಗಳಲ್ಲಿ ಬಸ್ ನಿಲ್ದಾಣದ ಸುತ್ತ ಬಾಡಿಗೆ ರೂಮಿನ ಲಾಡ್ಜುಗಳು ಹುಟ್ಟಿಕೊಂಡವು. ಕೆಳಗೆ ಊಟದ ಹೋಟೆಲ್, ಮೇಲೆ ಕೋಣೆಗಳು, ಹೊರಗೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಬೋರ್ಡು. ಕಾಸು ಕೊಟ್ಟವರಿಗೆ ಕೋಣೆ ಎಂಬುದು ದೊಡ್ಡ ಬದಲಾವಣೆ. ಅದಕ್ಕೆ ಕಾನೂನಿನ ಬೆಂಬಲವೂ ಬಂತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಅಂಗಡಿ, ಹೋಟೆಲ್, ಸಾರ್ವಜನಿಕ ಮನರಂಜನಾ ಸ್ಥಳಗಳ ಪ್ರವೇಶಕ್ಕೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಅಡ್ಡಿಯಾಗಬಾರದು ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಸಾರ್ವಜನಿಕರಿಗಾಗಿ ಇರುವ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳ ಹೆಸರನ್ನೇ ಹೇಳಿ, ಅಸ್ಪೃಶ್ಯತೆಯ ಕಾರಣಕ್ಕೆ ಅಲ್ಲಿ ತಡೆಯುವುದನ್ನು ಅಪರಾಧ ಎಂದು ಸಾರಿತು. ಛತ್ರದ ಹಳೆಯ ಮೊದಲ ಪ್ರಶ್ನೆಯನ್ನು ಕೇಳುವಂತಿಲ್ಲ ಎಂದು ದೇಶ ತೀರ್ಮಾನಿಸಿದ್ದು ಹೀಗೆ.

ಪ್ರಶ್ನೆ ನಿಂತಿತೇ? ಲಾಡ್ಜಿನ ಕೌಂಟರಿನ ಮೇಲೆ ಉದ್ದನೆಯ ರಿಜಿಸ್ಟರ್ ಬಂತು. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಏನು ಕೆಲಸ. ಪೊಲೀಸರು ಕೇಳುತ್ತಾರೆ ಎಂಬುದು ಕಾರಣ, ಅದು ನಿಜವೂ ಹೌದು. ಆದರೆ ಹೆಸರು ಓದಿದ ಮೇಲೆ ‘ರೂಮು ಫುಲ್ ಆಗಿದೆ’ ಎಂಬ ಮಾತು ಬಂದರೆ, ನಿಜಕ್ಕೂ ಫುಲ್ಲೋ ಹೆಸರಿನ ಕಾರಣಕ್ಕೆ ಫುಲ್ಲೋ ಎಂದು ತಿಳಿಯುವುದು ಹೇಗೆ? ಒಂಟಿ ಹೆಂಗಸು ಬಂದರೆ ಮೊದಲ ಪ್ರಶ್ನೆ ‘ಜೊತೆಗೆ ಯಾರಿದ್ದಾರೆ?’ ಪರೀಕ್ಷೆ ಬರೆಯಲು ಬಂದವಳಿರಲಿ, ಆಸ್ಪತ್ರೆಯಲ್ಲಿರುವ ತಾಯಿಯನ್ನು ನೋಡಲು ಬಂದವಳಿರಲಿ, ಅವಳ ಕಾರಣ ಆಮೇಲೆ. ಕೊನೆಯ ಬಸ್ ತಪ್ಪಿಸಿಕೊಂಡ ವರದಿಗಾರ್ತಿಯರು ನಮ್ಮ ನಡುವೆ ಇದ್ದಾರೆ, ಅವರಿಗೆ ಈ ಪ್ರಶ್ನೆಯ ಪರಿಚಯ ಚೆನ್ನಾಗಿದೆ.

ನಕ್ಷತ್ರಗಳೂ ಹಸಿರು ಪುಸ್ತಕವೂ

ಹೊರ ಜಗತ್ತಿನಲ್ಲಿ ಇದೇ ಹೊತ್ತಿಗೆ ಪಟ್ಟಿಗಳ ಮೇಲೆ ನಕ್ಷತ್ರ ಮೂಡಿದ್ದವು. ಜರ್ಮನಿಯ ಬೇಡೆಕರ್ ಪ್ರವಾಸಿ ಪುಸ್ತಕಗಳು 19ನೇ ಶತಮಾನದಲ್ಲೇ ನೋಡತಕ್ಕ ಜಾಗಗಳಿಗೆ ನಕ್ಷತ್ರದ ಗುರುತು ಹಾಕುತ್ತಿದ್ದವು. ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ 1912ರಲ್ಲಿ ಹೋಟೆಲುಗಳಿಗೆ ನಕ್ಷತ್ರದ ದರ್ಜೆ ಕೊಟ್ಟಿತು. ಟೈರು ಮಾರುವ ಮಿಷೆಲಿನ್ ಕಂಪನಿ ಕಾರಿನವರು ಹೆಚ್ಚು ಓಡಾಡಲಿ ಎಂದು 1900ರಲ್ಲಿ ಕೈಪಿಡಿ ತಂದು, 1926ರಿಂದ ಊಟದ ಮನೆಗಳಿಗೆ ನಕ್ಷತ್ರ ಹಂಚಿತು. ಪಟ್ಟಿ ಮಾಡುವವರಿಗೆ ತಮ್ಮದೇ ವ್ಯಾಪಾರ ಇರುತ್ತದೆ ಎಂಬುದು ಆಗಲೇ ಸ್ಪಷ್ಟವಾಗಿತ್ತು.

ಅಮೆರಿಕದಲ್ಲಿ ಇನ್ನೊಂದು ಬಗೆಯ ಪಟ್ಟಿ ಹುಟ್ಟಿತು. ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಕಪ್ಪು ಜನರಿಗಾಗಿ ಒಂದು ಪುಸ್ತಕ ತಂದರು. ಯಾವ ಊರಿನ ಯಾವ ತಂಗುದಾಣದಲ್ಲಿ, ಯಾವ ಮನೆಯಲ್ಲಿ ಕಪ್ಪು ಪ್ರಯಾಣಿಕರನ್ನು ಸೇರಿಸುತ್ತಾರೆ ಎಂಬ ಪಟ್ಟಿ ಅದು. ಸೊಗಸಿನ ದರ್ಜೆಗಿಂತ ಬಾಗಿಲಲ್ಲಿ ಅವಮಾನ ಆಗುವುದಿಲ್ಲ ಎಂಬ ಭರವಸೆ ಅದನ್ನು ಕೊಂಡವರಿಗೆ ಬೇಕಿತ್ತು. 1960ರ ದಶಕದವರೆಗೂ ಆ ಪುಸ್ತಕ ಬರುತ್ತಲೇ ಇತ್ತು. ತಂಗುವ ಜಾಗದ ಪಟ್ಟಿಯನ್ನು ಹೊರಗೆ ಉಳಿದವರ ಕಡೆಯಿಂದಲೂ ಮಾಡಬಹುದು ಎಂಬುದಕ್ಕೆ ಅದು ಸಾಕ್ಷಿ.

ಪರದೆ ತೀರ್ಮಾನಿಸುವುದು

ನಮ್ಮಲ್ಲಿ ಹುಡುಕಾಟ ಪರದೆಗೆ ಬಂದದ್ದು ಈ ಶತಮಾನದಲ್ಲಿ. ಮೇಕ್‌ಮೈಟ್ರಿಪ್ ಶುರುವಾದದ್ದು 2000ದಲ್ಲಿ. 2002ರಲ್ಲಿ ರೈಲು ಟಿಕೆಟ್ ಆನ್‌ಲೈನ್ ಆಯಿತು. 2006ರಲ್ಲಿ ಬೆಂಗಳೂರಿನಲ್ಲಿ ರೆಡ್‌ಬಸ್ ಹುಟ್ಟಿತು. 2008ರಲ್ಲಿ ಆ್ಯಪಲ್ ಮತ್ತು ಗೂಗಲ್ ಫೋನುಗಳ ಆ್ಯಪ್ ಅಂಗಡಿಗಳು ತೆರೆದವು. 2013ರಲ್ಲಿ ಓಯೋ ಬಂತು. ಅದಾದ ಕೆಲವೇ ವರ್ಷಗಳಲ್ಲಿ ಸಣ್ಣ ಪೇಟೆಗಳ ಹಳೆಯ ಲಾಡ್ಜುಗಳ ಮೇಲೂ ಕೆಂಪು ಬೋರ್ಡುಗಳು ಕಾಣತೊಡಗಿದವು.

ಒಂದು ಒಳ್ಳೆಯ ಕೆಲಸ ಆಯಿತು ಎನ್ನಲೇಬೇಕು. ಬೆಲೆ ಮೊದಲೇ ಕಾಣುತ್ತದೆ, ಕೋಣೆಯ ಫೋಟೊ ಕಾಣುತ್ತದೆ, ಮೇಟಿಗೆ ಚೀಟಿ ತೋರಿಸಬೇಕಿಲ್ಲ. ಆದರೆ ಐದಾರು ಇಂಚಿನ ಪರದೆಯಲ್ಲಿ ಒಮ್ಮೆಗೆ ಕಾಣುವುದು ಎರಡೋ ಮೂರೋ ಲಾಡ್ಜು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಕಂಪನಿಯ ಲೆಕ್ಕ ತೀರ್ಮಾನಿಸುತ್ತದೆ. ಈ ಲೆಕ್ಕದ ಬಗ್ಗೆ ನಮ್ಮ ದೇಶದಲ್ಲೇ ದೊಡ್ಡ ಪ್ರಕರಣ ನಡೆದಿದೆ. ಓಯೋಗೆ ಅನುಕೂಲ ಮಾಡಿಕೊಟ್ಟು ಅದರ ಪ್ರತಿಸ್ಪರ್ಧಿಗಳನ್ನು ಪಟ್ಟಿಯಿಂದ ಹೊರಗಿಟ್ಟದ್ದೂ ಸೇರಿದಂತೆ ಸ್ಪರ್ಧೆಗೆ ಧಕ್ಕೆ ತಂದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ಪಟ್ಟಿಯಲ್ಲಿ ಇಲ್ಲದ ಊರು ಇಲ್ಲವೇ ಇಲ್ಲ ಎಂಬ ಡಾಕ್ ಬಂಗಲೆ ಕಾಲದ ಮಾತು ಇಲ್ಲಿ ಕೋಟಿಗಳ ಲೆಕ್ಕವಾಯಿತು.

‘ಒಂದೇ ರೂಮು ಬಾಕಿ’, ‘ಈಗ 12 ಜನ ನೋಡುತ್ತಿದ್ದಾರೆ’ ಎಂಬ ಕೆಂಪಕ್ಷರಗಳನ್ನು ನೀವೂ ನೋಡಿರುತ್ತೀರಿ. ಮೊದಲು 800 ರೂಪಾಯಿ ಎಂದು ತೋರಿಸಿ, ಹಣ ಕಟ್ಟುವ ಹೊತ್ತಿಗೆ ತೆರಿಗೆ, ಸೇವಾ ಶುಲ್ಕ, ಕೇಳದ ವಿಮೆ ಎಲ್ಲ ಸೇರಿ ಮೊತ್ತ ಏರುವುದನ್ನೂ ನೋಡಿರುತ್ತೀರಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಬುಟ್ಟಿಗೆ ಗೊತ್ತಿಲ್ಲದಂತೆ ಸಾಮಾನು ತುಂಬುವುದು, ಬೆಲೆಯನ್ನು ಹನಿಹನಿಯಾಗಿ ಬಿಚ್ಚುವುದು ಎಲ್ಲ ಅದರಲ್ಲಿವೆ. ಬಟನ್‌ನ ಬಣ್ಣ, ಅಕ್ಷರದ ಗಾತ್ರ, ಯಾವುದನ್ನು ಯಾವಾಗ ತೋರಿಸಬೇಕು ಎಂಬ ಕ್ರಮ, ಇವೆಲ್ಲ ಕಾನೂನು ಗಮನಿಸಬೇಕಾದ ವಿಷಯಗಳಾದವು.

ಕ್ರಮದ ಮಾತಿಗೆ ಇನ್ನೊಂದು ಉದಾಹರಣೆ ಅಮೆರಿಕದ್ದೇ. ಏರ್‌ಬಿಎನ್‌ಬಿ ಆ್ಯಪ್‌ನಲ್ಲಿ ಬುಕಿಂಗ್ ಕೋರಿದಾಗ ಮನೆ ಮಾಲೀಕರಿಗೆ ಅತಿಥಿಯ ಹೆಸರು, ಫೋಟೊ ಮೊದಲೇ ಕಾಣುತ್ತಿತ್ತು. ಹಾರ್ವರ್ಡ್ ಬ್ಯುಸಿನೆಸ್ ಸ್ಕೂಲಿನ ಸಂಶೋಧಕರು ಬೇರೆಲ್ಲ ಒಂದೇ ಇಟ್ಟು ಹೆಸರು ಮಾತ್ರ ಬದಲಿಸಿ ಪರೀಕ್ಷಿಸಿದರು. ಕಪ್ಪು ಜನರದ್ದು ಎನಿಸುವ ಹೆಸರಿದ್ದವರಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ 16ರಷ್ಟು ಕಡಿಮೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2018ರಲ್ಲಿ ಕಂಪನಿ, ಮಾಲೀಕರು ಬುಕಿಂಗ್ ಒಪ್ಪಿದ ಮೇಲಷ್ಟೇ ಅತಿಥಿಯ ಫೋಟೊ ಕಾಣುವಂತೆ ಬದಲಿಸಿತು. ಜನರ ಮನಸ್ಸು ಅಷ್ಟರಿಂದ ಬದಲಾಗಿರಲಾರದು. ಆದರೆ ಮೊದಲ ಪ್ರಶ್ನೆ ಬದಲಾಯಿತು. ಬರೋಡದ ತಂಗುದಾಣದ ರಿಜಿಸ್ಟರನ್ನು ನೆನಪಿಸಿಕೊಂಡರೆ ಇದು ಎಷ್ಟು ದೊಡ್ಡ ಬದಲಾವಣೆ ಎಂದು ಅರ್ಥವಾಗುತ್ತದೆ.

ಆ್ಯಪ್‌ಗೆ ಕಾಣುವ ನಮ್ಮ ಜಿಲ್ಲೆ

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆ ಆ್ಯಪ್‌ಗಳ ಕಣ್ಣಿಗೆ ಹೇಗೆ ಕಾಣುತ್ತದೆ? ಶನಿವಾರ, ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬರುವವರ ಜಿಲ್ಲೆಯಾಗಿ. 1,478 ಮೀಟರ್ ಎತ್ತರದ ನಂದಿಯಲ್ಲಿ ಸೂರ್ಯೋದಯ, ಸ್ಕಂದಗಿರಿಯಲ್ಲಿ ಮೋಡ, 2023ರ ಜನವರಿ 15ರಂದು ಅನಾವರಣಗೊಂಡ 112 ಅಡಿಯ ಆದಿಯೋಗಿ. ಸುತ್ತಲಿನ ಹಳ್ಳಿಗಳಲ್ಲಿ ಹೋಂಸ್ಟೇ, ರೆಸಾರ್ಟುಗಳು ಎದ್ದಿವೆ. ಕೆಲವರಿಗೆ ಕೆಲಸ ಸಿಕ್ಕಿದೆ, ಅದು ಒಳ್ಳೆಯದೇ. ಊರಿನವರ ಬಾಯಲ್ಲಿ ಕಳವಾರ ಬೆಟ್ಟವಾಗಿರುವುದು ಫೋನಿನ ಹುಡುಕಾಟದಲ್ಲಿ ಸ್ಕಂದಗಿರಿಯಾಗಿ ಸಿಗುತ್ತದೆ. ಅಲ್ಲಿ ರಾತ್ರಿ ಚಾರಣದ ಗದ್ದಲ ಹೆಚ್ಚಾಗಿ, ಈಗ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಇದ್ದವರು ಮಾತ್ರ ಹತ್ತಬೇಕು ಎಂಬ ಸ್ಥಿತಿ ಬಂದಿದೆ. ಕಂಡುಹಿಡಿಯುವುದು ಸುಲಭವಾದರೆ ಸಾಲದು, ಎಷ್ಟು ಜನಕ್ಕೆ ಜಾಗವಿದೆ ಎಂಬುದನ್ನೂ ಪರದೆ ಹೇಳಬೇಕು ಎಂಬ ಪಾಠ ಅದು.

ಆ್ಯಪ್‌ಗೆ ಕಾಣದ ಪ್ರಯಾಣಿಕರೇ ನಮ್ಮಲ್ಲಿ ಹೆಚ್ಚು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ ನಂತರ ರಾಜ್ಯದ ದೊಡ್ಡ ಮಾರುಕಟ್ಟೆ. ಗೂಡು ಕಾಯುವುದಿಲ್ಲ, ಚಿಟ್ಟೆ ತೂತು ಮಾಡುವ ಮೊದಲು ಮಾರಲೇಬೇಕು. ದೂರದ ರೈತರು ಹಿಂದಿನ ರಾತ್ರಿಯೇ ಗೂಡು ಹೊತ್ತು ಬರುತ್ತಾರೆ. ಅವರಿಗೆ ಬೇಕಾದದ್ದು ಐದಾರು ಗಂಟೆ ಬೆನ್ನು ಚಾಚಲು ಜಾಗ, ಬಚ್ಚಲು, ಗೂಡಿನ ಮೂಟೆ ಸುರಕ್ಷಿತವಾಗಿ ಇಡಲು ಮೂಲೆ. ವಿದುರಾಶ್ವತ್ಥಕ್ಕೆ ನಾಗಪ್ರತಿಷ್ಠೆಗೆ ಬರುವ ಕುಟುಂಬಕ್ಕೆ ಬೆಳಗಿನ ಜಾವ ಸ್ನಾನಕ್ಕೆ ನೀರು ಬೇಕು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಆ ನೆಲವನ್ನು ನೋಡಲು ಬರುವ ಶಾಲಾ ಮಕ್ಕಳಿಗೆ ದೊಡ್ಡ ಹಾಲು ಮತ್ತು ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಬೇಕು. ಮುರುಗಮಲ್ಲದ ದರ್ಗಾಕ್ಕೆ ಹಿಂದೂ ಮುಸ್ಲಿಂ ಎನ್ನದೆ ಬರುವವರಲ್ಲಿ ಕಾಯಿಲೆಯವರೂ ಇರುತ್ತಾರೆ, ಅವರಿಗೆ ನೆಲ ಮಹಡಿಯೇ ಬೇಕು. ಇವರಲ್ಲಿ ಯಾರ ಅಗತ್ಯವೂ ‘ಚೆಕ್-ಇನ್ ಮಧ್ಯಾಹ್ನ 12, ಚೆಕ್-ಔಟ್ ಬೆಳಗ್ಗೆ 11, ಇಬ್ಬರು ದೊಡ್ಡವರು’ ಎಂಬ ಚೌಕಟ್ಟಿನಲ್ಲಿ ಕೂರುವುದಿಲ್ಲ.

ಇಂಥವರು ಫೋನ್ ಬಳಸಲಾರರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಿಡ್ಲಘಟ್ಟದ ಗೂಡಿನ ಹರಾಜಿಗೇ ಹೋಗಿ ನೋಡಿ. ರೀಲರ್‌ಗಳು ಇ-ಹರಾಜಿನಲ್ಲಿ ಮೊಬೈಲ್ ಹಿಡಿದು ಲಾಟಿನ ನಂಬರ್ ಒತ್ತಿ, ದರ ಒತ್ತಿ ಕೂಗುತ್ತಾರೆ. ಶಾಲೆ ಹೆಚ್ಚು ಓದದವರೂ ಆ ಪರದೆಯನ್ನು ಸಲೀಸಾಗಿ ಬಳಸುತ್ತಾರೆ. ಅಲ್ಲಿ ಕೇಳುವುದು ಅವರಿಗೆ ಗೊತ್ತಿರುವುದನ್ನು, ಅವರಿಗೆ ಬೇಕಾದ ಕ್ರಮದಲ್ಲಿ. ಅದಕ್ಕೇ ಅದು ನಡೆಯುತ್ತಿದೆ.

ಮುಂದಿನ ಪರದೆ

ನಮ್ಮ ಬ್ಯಾಚಿನ ಹುಡುಗ ಹುಡುಗಿಯರಲ್ಲಿ ಕೆಲವರು ಪತ್ರಿಕೆ ಬಿಟ್ಟು ಬೆಂಗಳೂರಿನ ಕಂಪನಿಗಳಲ್ಲಿ ಆ್ಯಪ್‌ಗಳಿಗೆ ಕನ್ನಡ ಬರೆಯುವ ಕೆಲಸ ಮಾಡುತ್ತಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ. ಪರದೆಯ ಮೇಲಿನ ಪದ ಆರಿಸುವ ಅವಕಾಶ ಸಿಕ್ಕಾಗ, ಮಲಗುವ ಜಾಗಕ್ಕೆ ‘ರೂಮು’ ಎನ್ನಿ, ‘ಲಾಡ್ಜ್’ ಎನ್ನಿ. ‘ಅತಿಥಿ ಗೃಹಗಳನ್ನು ಅನ್ವೇಷಿಸಿ’ ಎಂದು ಬರೆದರೆ ನಮ್ಮಜ್ಜಿ ಇರಲಿ, ನಾನೂ ಒಂದು ಕ್ಷಣ ನಿಲ್ಲುತ್ತೇನೆ. ಶಿಡ್ಲಘಟ್ಟವನ್ನು ಇಂಗ್ಲಿಷಿನಲ್ಲಿ ಬರಿಯ ಎಸ್‌ನಿಂದ ಬರೆಯುವವರಿದ್ದಾರೆ, ಎಸ್ ಎಚ್ ಸೇರಿಸಿ ಬರೆಯುವವರಿದ್ದಾರೆ. ಹೇಗೆ ಬರೆದರೂ ಊರು ಸಿಗಬೇಕು, ಕನ್ನಡದಲ್ಲಿ ಬರೆದರಂತೂ ಸಿಗಲೇಬೇಕು. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ ಎಂಬಂತೆ ಬದುಕುವ ಸೀಮೆ ನಮ್ಮದು. ಬಾಯಲ್ಲಿ ಹೇಳಿ ಹುಡುಕುವ ದಾರಿ ಇದ್ದರೆ ಇನ್ನೂ ಒಳ್ಳೆಯದು.

ಊರಿನ ‘ಕೇಂದ್ರ’ದಿಂದ ಎಷ್ಟು ಕಿಲೋಮೀಟರ್ ಎಂದು ತೋರಿಸುವ ಬದಲು ಬಸ್ ನಿಲ್ದಾಣದಿಂದ, ಗೂಡಿನ ಮಾರುಕಟ್ಟೆಯಿಂದ, ಸರ್ಕಾರಿ ಆಸ್ಪತ್ರೆಯಿಂದ ಎಷ್ಟು ದೂರ ನಡೆಯಬೇಕು ಎಂದು ತೋರಿಸಬಹುದು. ದಿನದ ಲೆಕ್ಕದ ಜೊತೆಗೆ ಗಂಟೆಯ ಲೆಕ್ಕವನ್ನೂ ಇಡಬಹುದು. ಕೊನೆಯ ಮೊತ್ತವನ್ನು ಮೊದಲ ಪರದೆಯಲ್ಲೇ ತೋರಿಸಬಹುದು. ಒಂಟಿ ಹೆಂಗಸಿಗೆ ಪ್ರಶ್ನೆ ಕೇಳದೆ ರೂಮು ಕೊಡುವ ಲಾಡ್ಜು ಯಾವುದು ಎಂಬುದನ್ನು ಅಲ್ಲಿ ಉಳಿದ ಹೆಂಗಸರಿಂದಲೇ ಕೇಳಿ ಗುರುತು ಹಾಕಬಹುದು. ವಿಕ್ಟರ್ ಗ್ರೀನ್ 1936ರಲ್ಲಿ ಕಾಗದದ ಮೇಲೆ ಮಾಡಿದ ಕೆಲಸ ಇವತ್ತು ಕಷ್ಟವಾಗಬಾರದು. ಹೆಸರು ಮತ್ತು ಗುರುತಿನ ಚೀಟಿ ಕಾನೂನಿಗೆ ಬೇಕು, ಕೇಳಲಿ. ಆದರೆ ರೂಮು ಖಾತ್ರಿಯಾದ ಮೇಲೆ ಕೇಳಲಿ, ಕೊಡಬೇಕೋ ಬೇಡವೋ ಎಂದು ನಿರ್ಧರಿಸುವುದಕ್ಕಾಗಿ ಅಲ್ಲ.

ಛತ್ರ ‘ಯಾವ ಜನ?’ ಎಂದಿತು. ಬಂಗಲೆ ‘ಯಾರ ಚೀಟಿ?’ ಎಂದಿತು. ಲಾಡ್ಜು ‘ಜೊತೆಗೆ ಯಾರು?’ ಎಂದಿತು. ಆ್ಯಪ್ ‘ಯಾವ ದಿನಾಂಕ, ಎಷ್ಟು ಜನ?’ ಎನ್ನುತ್ತಿದೆ. ಹಿಂದಿನ ಮೂರಕ್ಕಿಂತ ಇದು ಎಷ್ಟೋ ಮೇಲು. ಆದರೆ ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರಿಗೆ ಚೊಂಬಿನಲ್ಲಿ ನೀರು ಕೊಟ್ಟು ಕೇಳುವ ಪ್ರಶ್ನೆ ಬೇರೆ: ‘ಏನ್ ಸಮಾಚಾರ, ಏನ್ ಕೆಲಸದ ಮೇಲೆ ಬಂದ್ರಿ?’ ಆ ಕೆಲಸ ಏನೆಂದು ತಿಳಿದರೆ ಎಷ್ಟು ಹೊತ್ತಿಗೆ ಎಬ್ಬಿಸಬೇಕು, ಯಾವ ಬಸ್ಸಿಗೆ ಬಿಡಬೇಕು, ಎಲ್ಲಿ ಹಾಸಬೇಕು ಎಲ್ಲವೂ ತಾನಾಗಿಯೇ ಗೊತ್ತಾಗುತ್ತದೆ. ಪರದೆ ರೂಪಿಸುವವರು ಅಲ್ಲಿಂದ ಶುರುಮಾಡಿದರೆ ಗೂಡಿನ ಮೂಟೆಯವನಿಗೂ, ಪರೀಕ್ಷೆ ಬರೆಯಲು ಬಂದವಳಿಗೂ ಆ ಪಟ್ಟಿಯಲ್ಲಿ ಒಂದು ಚಾಪೆಯ ಜಾಗ ಸಿಗುತ್ತದೆ.